ಕೇಳಿಸಿದಾಗ ಮಾತ್ರ ಒತ್ತಿ

ಆ ದಿನ ಮರದ ಮಿಲ್ಲಿನಿಂದ ಬಂದ ಮೂವತ್ತನಾಲ್ಕು ಜನರಲ್ಲಿ ಅವನು ಇಪ್ಪತ್ತೇಳನೆಯವನು. ತಲೆಗೂದಲಲ್ಲಿ ಗರಗಸದ ಹೊಟ್ಟು, ಎಡಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ. ಬೂತ್‌ನ ದಪ್ಪ ಬಾಗಿಲು ದಾಟಿ ಕುಳಿತವನು ಹೆಡ್‌ಫೋನ್ ಹಾಕಿಕೊಳ್ಳುವ ಬದಲು ಗೋಡೆಯ ಮೆತ್ತೆಗೆ ಅಂಗೈ ಒತ್ತಿ ನೋಡಿದ.

“ಮೇಡಂ, ಇದನ್ನ ಬಾಡಿಗೆಗೆ ಕೊಡ್ತೀರಾ?”

“ಏನನ್ನ?”

“ಈ ಗೂಡನ್ನ.”

“ಇದು ಕಿವಿ ಪರೀಕ್ಷೆ ಮಾಡೋ ಬೂತ್. ಕೆಂಪು ಬಲಗಿವಿಗೆ, ನೀಲಿ ಎಡಗಿವಿಗೆ. ಬೀಪ್ ಅಂತ ಸದ್ದು ಬರುತ್ತೆ. ಕೇಳಿಸಿದಾಗ ಮಾತ್ರ ಈ ಗುಂಡಿ ಒತ್ತಿ. ಕೇಳಿಸದಿದ್ರೆ ಸುಮ್ನಿರಿ.”

“ಸುಮ್ನಿರೋದೇ ನಂಗೆ ಕಷ್ಟ.”

ಬೆಳಿಗ್ಗೆಯಿಂದ ಅದೇ ವಾಕ್ಯವನ್ನು ಇಪ್ಪತ್ತಾರು ಸಲ ಹೇಳಿದ್ದ ಅವಳಿಗೆ ಮೊದಲ ಬಾರಿ ನಗು ಬಂತು. ಅದನ್ನು ಗಾಜಿನಾಚೆಯಿಂದ ಅವನು ನೋಡಿಬಿಟ್ಟ.

ಅವಳು ಆಸ್ಪತ್ರೆಯ ಶ್ರವಣ ಪರೀಕ್ಷಕಿ. ವಿಭಾಗದಲ್ಲಿ ಎಲ್ಲರ ಬಾಯಲ್ಲೂ ‘ಕಿವಿ ಮೇಡಂ’. ಮಿಲ್ಲಿನವರ ಪರೀಕ್ಷೆ ಸರಳ. ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗೆ ಒಂದೊಂದನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ ಮಾಡುತ್ತ ಹೋಗಬೇಕು. ಇಪ್ಪತ್ತು ಡೆಸಿಬಲ್‌ನಲ್ಲಿ ಕೇಳಿಸಿದರೆ ಪಾಸ್. ಕೇಳಿಸದಿದ್ದವರನ್ನು ಮಿಲ್ಲಿನವರು ಗರಗಸದಿಂದ ಎತ್ತಿ ಅಂಗಳದಲ್ಲಿ ಹಲಗೆ ಜೋಡಿಸುವ ಕೆಲಸಕ್ಕೆ ಹಾಕುತ್ತಾರೆ.

ಅವನ ಗುಂಡಿಯ ದೀಪ ಅವಳ ಮುಂದಿನ ಯಂತ್ರದಲ್ಲಿ ಒಂದು ಸಲವೂ ತಪ್ಪದೆ ಹತ್ತಿತು. ಆರು ನಿಮಿಷದಲ್ಲಿ ಮುಗಿಯಿತು. ‘ಸಾಮಾನ್ಯ’ ಎಂದು ಬರೆದು ಸಹಿ ಹಾಕಿದಳು. ಆ ಸಹಿಯನ್ನು ಅವಳು ಮುಂದೆ ಬಹಳ ಸಲ ನೆನೆಯಬೇಕಾಯಿತು.

ಹೋಗುವಾಗ ಅವನು ಖಾಲಿ ಚೀಟಿಯೊಂದರ ಮೇಲೆ ಏನೋ ಗೀಚಿ ಮೇಜಿನ ಮೇಲಿಟ್ಟ. “ನನ್ನ ಹಾಡು, ಮೇಡಂ. ಬೀರುವಿನೊಳಗೆ ಕೂತು, ಮೇಲೆ ರಜಾಯಿ ಹೊದ್ದು ರೆಕಾರ್ಡ್ ಮಾಡಿದ್ದು. ಕೇಳಿ. ಕೇಳಿದ್ಮೇಲೂ ಈ ಗೂಡು ಕೊಡಲ್ಲ ಅಂದ್ರೆ ನಾನೇನೂ ಅಂದ್ಕೊಳ್ಳಲ್ಲ.”

ಚೀಟಿಯಲ್ಲಿದ್ದುದು ಅವನು ಹಾಡಲು ಇಟ್ಟುಕೊಂಡ ಹೆಸರು, ‘ಗರಗಸ’. ಹಾಡನ್ನು ಅಲ್ಲಿಯವರೆಗೆ ಕೇಳಿದ್ದವರು ನಲವತ್ತೊಂದು ಜನ.

ಬಸ್ಸಿನಲ್ಲಿ ನಿಂತೇ ಫೋನಿನಲ್ಲಿ ಹುಡುಕಿ ಕೇಳಿದಳು.

*ಗರಗಸದ ಬಾಯಲ್ಲಿ ನನ್ನ ದಿನ ಶುರು,*
*ಹೊಟ್ಟು ಹಾರಿದಷ್ಟೂ ಹಗುರ ನನ್ನ ಉಸಿರು.*

ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನಡುವೆ ಯಾರೋ ಹೆಂಗಸು, “ಲೋ, ಬೀರುವಿಂದ ಹೊರಗೆ ಬಾರೋ, ಗಿರಾಕಿ ಲಂಗ ಒಳಗಿದೆ” ಎಂದು ಕೂಗಿದ್ದೂ ಹಾಗೇ ಉಳಿದಿತ್ತು. ಹಾಡು ಮುಗಿಯುವಷ್ಟರಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಇನ್ನೆರಡು ನಿಲ್ದಾಣ ಕಳೆದಿತ್ತು.

*

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ವಿಭಾಗ ಮುಚ್ಚುತ್ತದೆ. ಆಮೇಲೆ ಬೂತನ್ನು ಅವನ ರೆಕಾರ್ಡಿಂಗ್‌ಗೆ ಬಿಟ್ಟುಕೊಡಲು ಹಿರಿಯ ಡಾಕ್ಟರ್ ಎರಡು ಷರತ್ತು ಹಾಕಿ ಒಪ್ಪಿದರು. ಚಪ್ಪಲಿ ಹೊರಗೆ ಬಿಡಬೇಕು, ಹೊಸ ಹಾಡನ್ನು ಮೊದಲು ಅವರಿಗೇ ಕೇಳಿಸಬೇಕು. “ನಂಗೆ ಅರ್ಥ ಆಗಲ್ಲ. ಆದ್ರೆ ಮೊಮ್ಮಗಳ ಮುಂದೆ ಜಂಬ ಕೊಚ್ಕೋಬಹುದು” ಎಂದರು.

ಹೀಗೆ ಆರು ತಿಂಗಳು ನಡೆಯಿತು. ಅವನು ಬೂತ್‌ನೊಳಗೆ, ಅವಳು ಹೊರಗೆ, ನಡುವೆ ಎರಡು ಪದರದ ಗಾಜು.

ವಾರವಿಡೀ ಮಿಲ್ಲಿನಲ್ಲಿ ಎಂಟು ಗಂಟೆ ಮರ ಕೊಯ್ದು, ಸಾಲುಗಳನ್ನು ಹಲಗೆ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಜೇಬಲ್ಲಿ ತುಂಬಿಕೊಂಡು ಬರುತ್ತಿದ್ದ. ಬರೆಯುವವನೂ ಹಾಡುವವನೂ ಸದ್ದುಗಳನ್ನು ಹದ ಮಾಡಿ ಜೋಡಿಸುವವನೂ ಅವನೇ. ಒಂದು ಕಂಪನಿಯವರು ಕರೆದು, ಸಾಹಿತ್ಯ ನಮ್ಮದು, ದನಿ ಮಾತ್ರ ನಿನ್ನದು ಅಂದಿದ್ದರಂತೆ. “ಹಾಗಾದ್ರೆ ಗಿಳಿ ಸಾಕ್ಕೊಳ್ಳಿ ಅಂದೆ” ಎಂದು ಅವನು ನಕ್ಕಿದ್ದ. ಆಮೇಲೆ ಎರಡು ವರ್ಷ ಯಾರೂ ಕರೆಯಲಿಲ್ಲ ಎಂಬುದನ್ನು ಮಾತ್ರ ನಗದೆ ಹೇಳಿದ್ದ.

ಗಾಜಿನಾಚೆ ದನಿ ಹೋಗುವುದಿಲ್ಲ. ಹಾಗಾಗಿ ಅವನು ಪರೀಕ್ಷೆಯ ಗುಂಡಿಯನ್ನೇ ಮಾತಿಗೆ ಬಳಸತೊಡಗಿದ. ಒಂದು ಸಲ ಒತ್ತಿದರೆ ಅವಳ ಮುಂದೆ ದೀಪ ಒಂದು ಸಲ ಹತ್ತುತ್ತಿತ್ತು: ಇಲ್ಲಿ ನೋಡಿ. ಎರಡು ಸಲ ಹತ್ತಿದರೆ ಟೀ. ಮೂರು ಸಲ ಹತ್ತಿದ್ದಕ್ಕೆ ಅರ್ಥ ಕೇಳಿದಾಗ, “ಅದನ್ನ ಇನ್ನೂ ಫೈನಲ್ ಮಾಡಿಲ್ಲ” ಎಂದು ಕಿವಿಯ ತುದಿ ಕೆಂಪಗೆ ಮಾಡಿಕೊಂಡಿದ್ದ.

ಅವಳನ್ನು ‘ಬೀಪ್’ ಎಂದು ಕರೆಯುತ್ತಿದ್ದ. ಅವಳು ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ‘ನೀವು’ ಅನ್ನುತ್ತಿದ್ದಳು, ಅಷ್ಟೆ. ಆದರೆ ಶುಕ್ರವಾರವೇ ಶನಿವಾರದ ಬಟ್ಟೆ ಇಸ್ತ್ರಿ ಮಾಡಿಡುತ್ತಿದ್ದಳು.

ಒಂದು ಸಂಗತಿ ಅವಳಿಗೆ ವಿಚಿತ್ರವೆನಿಸಿತ್ತು. ಬಾಗಿಲು ಮುಚ್ಚಿದ ಬೂತ್‌ನಲ್ಲಿ ಅವನು ಸದ್ದಿಲ್ಲದೆ ಒಂದು ನಿಮಿಷವೂ ಕೂರಲಾರ. ಗುನುಗುತ್ತಾನೆ, ತೊಡೆ ತಟ್ಟುತ್ತಾನೆ, ಪೆನ್ಸಿಲ್ ಉರುಳಿಸುತ್ತಾನೆ. ಚಡಪಡಿಕೆಯ ಸ್ವಭಾವ ಅಂದುಕೊಂಡಳು.

ಆರನೆಯ ತಿಂಗಳ ಹೊತ್ತಿಗೆ ಅವನ ಹಾಡು ಕೇಳಿದವರು ಮೂವತ್ತು ಸಾವಿರ ದಾಟಿದ್ದರು. ದೊಡ್ಡ ಸಂಗೀತ ಮೇಳವೊಂದು ಅವನಿಗೆ ನಲವತ್ತು ನಿಮಿಷ ಕೊಟ್ಟಿತು. ಅವನದೇ ಹೆಸರು, ಅವನದೇ ಸಾಲುಗಳು. ಉಳಿದದ್ದು ಇಪ್ಪತ್ತೈದು ದಿನ.

ಹಾಡುಗಳ ಕೆಳಗೆ ಜನ ಬರೆದದ್ದನ್ನೆಲ್ಲ ಅವಳು ಓದುತ್ತಿದ್ದಳು. ಹೊಗಳಿಕೆಗಳ ನಡುವೆ ಒಂದೇ ದೂರು ಮತ್ತೆಮತ್ತೆ ಬರುತ್ತಿತ್ತು. ‘ಸಾಹಿತ್ಯ ಸೂಪರ್, ಆದ್ರೆ ಸದ್ದು ಸೂಜಿ ಥರ ಚುಚ್ಚುತ್ತೆ.’ ‘ಬ್ರೋ, ಮೇಲಿನ ಸ್ವರ ಸ್ವಲ್ಪ ಇಳಿಸು, ಕಿವಿ ಕುಯ್ಯುತ್ತೆ.’

ತೋರಿಸಿದಾಗ ಅವನು ಭುಜ ಹಾರಿಸಿದ. “ಗರಗಸ ಅಂತ ಹೆಸರಿಟ್ಕೊಂಡು ಕುಯ್ಯದಿದ್ರೆ ಹೇಗೆ?”

ಅವಳೂ ನಕ್ಕಳು. ಆದರೆ ಆ ಮಾತು ತಲೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

*

ಆ ಶನಿವಾರ ಅವನು ಬೇಗ ಬಂದ. “ಇವತ್ತು ರೆಕಾರ್ಡಿಂಗ್ ಇಲ್ಲ. ಒಂದು ಹಾಡು ರೆಡಿ ಇದೆ. ಇದು ಡಾಕ್ಟರಿಗಿಂತ ಮೊದಲು ನಿಮಗೆ.”

ಅವಳು ಮೇಜು ಒರೆಸುತ್ತಿದ್ದಳು. ರಿಪೇರಿಗೆ ಬಂದ ಶ್ರವಣ ಸಾಧನವೊಂದು ಟ್ರೇಯಲ್ಲಿ ಆಫ್ ಆಗದೆ ಉಳಿದು ಸಣ್ಣಗೆ, ತೀಕ್ಷ್ಣವಾಗಿ ಶಿಳ್ಳೆ ಹೊಡೆಯುತ್ತಿತ್ತು. ಹಾಗೆ ಬಿಟ್ಟರೆ ಶಿಳ್ಳೆ ಹಾಕುವುದು ಅವುಗಳ ಸ್ವಭಾವ. ಅದು ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು.

“ಶನಿವಾರ ಇಲ್ಲಿ ಎಷ್ಟು ಸೈಲೆಂಟ್, ಅಲ್ವಾ ಬೀಪ್?” ಎಂದ.

ಒರೆಸುವ ಬಟ್ಟೆ ಅವಳ ಕೈಯಲ್ಲಿ ನಿಂತಿತು.

ಅವನು ಫೋನಿನಲ್ಲಿ ಹಾಡು ಹಾಕಿದ. ಗಾಜಿನಾಚೆ ಕೂತ ಹುಡುಗಿಯೊಬ್ಬಳ ಕುರಿತ ಹಾಡು. ಅವಳು ನಗುವ ಮೊದಲು ಕೆಳತುಟಿ ಕಚ್ಚುತ್ತಾಳೆ, ಯಂತ್ರದ ತಿರುಪಿನ ಮೇಲೆ ಅವಳ ಬೆರಳು ಹಕ್ಕಿ ಕೂತ ಹಾಗೆ ಕೂರುತ್ತದೆ. ಇಷ್ಟು ಸೂಕ್ಷ್ಮವಾಗಿ ಅವಳನ್ನು ಯಾರೂ ನೋಡಿರಲಿಲ್ಲ. ಸಾಲುಗಳ ಅಡಿಯಲ್ಲಿ ನಾಲ್ಕನೇ ತಾಳಕ್ಕೊಮ್ಮೆ ಬೀಪ್ ಸದ್ದು.

“ಈ ಬೀಪ್ ಎಲ್ಲಿಂದ ತಗೊಂಡ್ರಿ?”

“ನೀವೇ ಕೊಟ್ಟಿದ್ದು. ಮೊದಲನೇ ದಿನ. ಸರಿಯಾಗಿ ಎರಡೂವರೆ ಸೆಕೆಂಡಿಗೆ ಒಂದು. ನಿಮಿಷಕ್ಕೆ ತೊಂಬತ್ತಾರು ಬೀಟ್ ಅಂತ ಎಣಿಸಿದ್ರೆ ನಾಲ್ಕಕ್ಕೊಂದು. ಹತ್ತು ನಿಮಿಷ ಕೊಟ್ಟಿದ್ರೂ ಒಂದು ಕೂದಲೆಳೆ ತಪ್ತಿರ್ಲಿಲ್ಲ. ನೀವು ಡ್ರಮ್ಮರ್ ಆಗ್ಬೇಕಿತ್ತು.”

ಅವನು ಹೊಗಳುತ್ತಿದ್ದ. ಅವಳು ಕೈ ಚಾಚಿ ಹಾಡು ನಿಲ್ಲಿಸಿದಳು.

ಬೀಪ್‌ಗಳ ನಡುವಿನ ಅಂತರ ಸಮವಾಗಿರಬಾರದು. ಈ ಕೆಲಸದ ಮೊದಲ ಪಾಠವೇ ಅದು. ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಬರೀ ಮೌನ. ಇಲ್ಲದಿದ್ದರೆ ಕೂತವರು ಕಿವಿಯಿಂದಲ್ಲ, ಊಹೆಯಿಂದ ಒತ್ತುತ್ತಾರೆ. ಇಪ್ಪತ್ತಾರು ಜನರನ್ನು ನೋಡಿ ದಣಿದ ಅವಳ ಬೆರಳು ತಾನಾಗಿಯೇ ತಾಳ ಹಿಡಿದಿತ್ತು. ಮುಂದೆ ಕೂತವನು ತಾಳದಲ್ಲೇ ಬದುಕುವವನು.

“ಒಂದು ವಿಷಯ ಕೇಳ್ತೀನಿ. ನಿಜ ಹೇಳಿ. ಆ ದಿನ ಎಲ್ಲಾ ಬೀಪೂ ಕೇಳಿಸ್ತಾ?”

“ಪಾಸ್ ಆಗಿದೀನಲ್ಲ.”

“ನಾನು ಕೇಳಿದ್ದು ಅದಲ್ಲ. ಇಲ್ಲಿ ಈಗ ಒಂದು ಶಿಳ್ಳೆ ಹೊಡೀತಿದೆ. ನೀವು ಬಂದಾಗಿಂದ. ಎಲ್ಲಿ ಅಂತ ಹೇಳಿ.”

ಅವನು ತಲೆ ಎತ್ತಿ ಕೋಣೆಯನ್ನು ನೋಡಿದ. ಕಿಟಕಿಯತ್ತ ನೋಡಿದ, ಬೂತ್‌ನತ್ತ ನೋಡಿದ, ಕೊನೆಗೆ ಅವಳ ಮುಖವನ್ನು ನೋಡಿದ. ಟ್ರೇ ಅವನ ಮೊಣಕೈ ಪಕ್ಕದಲ್ಲೇ ಇತ್ತು. ಕಣ್ಣುಗಳಲ್ಲಿ ಬಂದದ್ದನ್ನು ಅಡಗಿಸಲು ಅವನಿಗೆ ಆಗಲಿಲ್ಲ. ದಾರಿ ತಪ್ಪಿದ ಮಗು ಗುಂಪಿನಲ್ಲಿ ತಾಯಿಯ ಸೀರೆ ಹುಡುಕುವಾಗಿನ ಭಯ ಅದು.

“ಮೇಳಕ್ಕೆ ಇಪ್ಪತ್ತೈದು ದಿನ ಇದೆ” ಎಂದ ಮೆಲ್ಲಗೆ. “ಇವತ್ತು ಈ ಮಾತು ಬೇಕಿತ್ತಾ?”

“ಇನ್ನೊಂದು ಸಲ ಪರೀಕ್ಷೆ ಮಾಡೋಣ. ಹತ್ತು ನಿಮಿಷ.”

“ಬೇಡ. ‘ಸಾಮಾನ್ಯ’ ಅಂತ ಬರೆದಿದೀರ. ಸಹಿ ನಿಮ್ದೇ ಇದೆ.”

ಚಪ್ಪಲಿ ಮೆಟ್ಟಿ ಹೊರಟುಹೋದ. ಶಿಳ್ಳೆ ಹೊಡೆಯುತ್ತಲೇ ಇತ್ತು.

*

ಸೋಮವಾರ ಅವನು ಫೋನ್ ಎತ್ತಲಿಲ್ಲ. ಮಂಗಳವಾರವೂ ಇಲ್ಲ. ಅವಳು ಹಳೆಯ ಫೈಲ್ ತೆಗೆದು ಅವನ ವರದಿ ನೋಡಿದಳು. ಎರಡೂ ಕಿವಿಯ ಗೆರೆ ಇಪ್ಪತ್ತರಲ್ಲಿ ನೇರವಾಗಿ, ಅಳತೆಪಟ್ಟಿ ಇಟ್ಟು ಎಳೆದಂತಿತ್ತು. ಎಂಟು ವರ್ಷ ಗರಗಸದ ಪಕ್ಕ ನಿಂತವನ ಕಿವಿ ಹಾಗಿರುವುದಿಲ್ಲ. ಅದನ್ನು ಅಂದೇ ಕೇಳಿಕೊಳ್ಳಬೇಕಿತ್ತು.

ಅವಳಿಗೆ ಎರಡು ಹೆದರಿಕೆಗಳಿದ್ದವು. ಬಾಯಿಬಿಟ್ಟರೆ ಅವನು ಹೋಗುತ್ತಾನೆ. ಬಿಡದಿದ್ದರೆ ಅವನ ಕಿವಿ ಹೋಗುತ್ತದೆ. ಮೇಳದ ವೇದಿಕೆಯ ದೊಡ್ಡ ಸ್ಪೀಕರ್‌ಗಳ ಮುಂದೆ ಅವನು ನಿಲ್ಲಲಿದ್ದ. ನಲವತ್ತು ನಿಮಿಷ, ರಕ್ಷಣೆಯಿಲ್ಲದೆ.

ಬುಧವಾರ ಅವನ ಮನೆಗೆ ಹೋದಳು. ಮುಂದೆ ಅಕ್ಕನ ಹೊಲಿಗೆ ಅಂಗಡಿ, ಆರು ಯಂತ್ರ. ಹಿಂದೆ ಎರಡು ಕೋಣೆ. ಅವನು ಮಿಲ್ಲಿಗೆ ಹೋಗಿದ್ದ.

ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವಳನ್ನು ಅಳೆದು ನೋಡಿದಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ದಿಂಬಿಗೆ ಚುಚ್ಚಿದಳು.

“ನೀನೇನಾ ಬೀಪು? ಬಾ, ಕೂತ್ಕೋ. ಆ ಕುರ್ಚಿ ಬೇಡ, ಅದರಲ್ಲಿ ಮದುಮಗನ ಕೋಟಿದೆ.”

“ಅಕ್ಕ, ಅವರಿಗೆ ಕಿವಿ...”

“ಗೊತ್ತು.” ಅಕ್ಕ ಪೆಡಲಿನಿಂದ ಕಾಲು ತೆಗೆದಳು. “ಅಂದ್ರೆ, ಗೊತ್ತಿರಲಿಲ್ಲ, ಗೊತ್ತು. ವರ್ಷದಿಂದ ಹಿಂದಿನಿಂದ ಕರೆದ್ರೆ ತಿರುಗಲ್ಲ. ಯಾವಳ ಮೇಲೋ ಮನಸ್ಸು ಇಟ್ಟಿದಾನೆ ಅಂದ್ಕೊಂಡೆ. ಆಮೇಲೆ ನೀನು ಸಿಕ್ಕಿದೆ ಅಂತ ಗೊತ್ತಾಯ್ತು, ಸರಿ ಬಿಡು ಅಂದೆ. ಆದ್ರೆ ಎಂಥಾ ಚಳೀಲೂ ಫ್ಯಾನ್ ಹಾಕ್ಕೊಂಡೇ ಮಲಗ್ತಾನೆ. ಯಾಕೋ ಅಂದ್ರೆ, ಸುಮ್ನಿದ್ರೆ ಕಿವಿಯೊಳಗೆ ಯಾರೋ ಮರ ಕೊಯ್ತಾರೆ ಅಂತಾನೆ. ಹಾಡಿನ ಸಾಲು ಹೇಳ್ತಿದಾನೆ ಅಂದ್ಕೊಂಡೆ ನಾನು.”

ಬೂತ್‌ನಲ್ಲಿ ಅವನು ಗುನುಗಿದ್ದು, ತೊಡೆ ತಟ್ಟಿದ್ದು, ಪೆನ್ಸಿಲ್ ಉರುಳಿಸಿದ್ದು ಎಲ್ಲ ಅವಳ ಕಣ್ಣ ಮುಂದೆ ಬಂತು. ನಿಶ್ಶಬ್ದದಲ್ಲಿ ಅವನಿಗೆ ಕೇಳಿಸುತ್ತಿದ್ದುದು ಅದೊಂದೇ.

“ಹೆದರ್ಕೊಂಡಿದಾನೆ” ಎಂದಳು ಅಕ್ಕ. “ಹೆದರಿದಾಗ ಇವನು ಬಾಲ್ಯದಿಂದ್ಲೂ ಜಗಳ ಆಡ್ತಾನೆ. ನೀನು ಏನ್ ಮಾಡ್ತೀಯಾ?”

“ನಾನು ಸುಮ್ನಾಗಿಬಿಡ್ತೀನಿ.”

“ಒಳ್ಳೆ ಜೋಡಿ” ಎಂದು ಅಕ್ಕ ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು. “ಈ ಸಲ ಮಾತ್ರ ಸುಮ್ನಾಗ್ಬೇಡ ಕಣೇ.”

*

ಗುರುವಾರ ಅವಳು ಹಿರಿಯ ಡಾಕ್ಟರ ಮುಂದೆ ನಿಂತಳು. ಆ ದಿನ ತಾನು ಸಮ ಅಂತರದಲ್ಲಿ ಬೀಪ್ ಕೊಟ್ಟೆ, ಮೌನದ ಪರೀಕ್ಷೆ ಮಾಡಲಿಲ್ಲ, ಮೂವತ್ತನಾಲ್ಕು ವರದಿಗಳನ್ನೂ ನಂಬುವಂತಿಲ್ಲ ಎಂದು ಹೇಳಿದಳು.

ಅವರು ಕನ್ನಡಕ ತೆಗೆದರು. “ನಿಮ್ಮ ಫೈಲಿಗೆ ಹೋಗುತ್ತೆ ಇದು. ಗೊತ್ತಲ್ಲ?”

“ಗೊತ್ತು ಸರ್.”

“ಹುಡುಗನಿಗೋಸ್ಕರಾನಾ?”

“ಅವರಿಗೂ. ಉಳಿದ ಮೂವತ್ಮೂರು ಜನರಿಗೂ.”

ಮಿಲ್ಲಿಗೆ ಪತ್ರ ಹೋಯಿತು. ಮುಂದಿನ ವಾರ ಎಲ್ಲರೂ ಮತ್ತೆ ಬಂದರು. ಒಂಬತ್ತು ಜನರ ಗೆರೆ ಈ ಸಲ ಕೆಳಗೆ ಬಿತ್ತು. ಅವರಲ್ಲಿ ಒಬ್ಬ ಅವಳನ್ನು ಬೈದ, ಒಬ್ಬ ಅತ್ತ. ಗರಗಸ ಮಾತ್ರ ಬರಲಿಲ್ಲ. ಪಟ್ಟಿಯಲ್ಲಿ ಒಂದೇ ಹೆಸರಿನ ಮುಂದೆ ಜಾಗ ಖಾಲಿ ಇತ್ತು.

ಶನಿವಾರ ಒಂದು ಗಂಟೆಗೆ ಅವಳು ದೀಪ ಆರಿಸಿ ಬೀಗ ಹುಡುಕುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

“ನಿಮ್ಮ ತಪ್ಪು ನೀವೇ ಬರೆದುಕೊಟ್ಟಿರಂತೆ” ಎಂದ. ಕಣ್ಣು ಕೆಂಪಾಗಿತ್ತು. “ಮಿಲ್ಲಲ್ಲಿ ಎಲ್ಲ ಮಾತಾಡ್ತಿದಾರೆ. ನಾನು ಹೇಳಿದ್ದು... ಸಹಿ ನಿಮ್ದೇ ಅಂತ... ಅದನ್ನ ವಾಪಸ್ ತಗೋಬಹುದಾ?”

“ಹಾಡಾಗಿದ್ರೆ ಕಟ್ ಮಾಡ್ಬಹುದಿತ್ತು.”

ಅವನು ನಗಲು ನೋಡಿದ. ಆಗಲಿಲ್ಲ. “ಬೀಪ್, ನಂಗೆ ಭಯ ಆಗ್ತಿದೆ. ಬೇರೆ ಏನೂ ಗೊತ್ತಿಲ್ಲ ನಂಗೆ. ಮರ ಕೊಯ್ಯೋದು, ಇದು. ಎರಡೇ.”

“ಕೂತ್ಕೊಳ್ಳಿ. ಆ ಕಡೆ ಮುಖ ಮಾಡಿ.”

ಈ ಸಲ ಅವಳು ಕುರ್ಚಿಯನ್ನು ತಿರುಗಿಸಿಟ್ಟಿದ್ದಳು. ಅವನಿಗೆ ಅವಳ ಕೈ ಕಾಣುವಂತಿರಲಿಲ್ಲ. ಅವಳಿಗೆ ಕಾಣುತ್ತಿದ್ದುದು ಅವನ ಕತ್ತಿನ ಹಿಂಭಾಗ, ಅಲ್ಲಿ ಅಂಟಿದ್ದ ಒಂದು ಚಿಟಿಕೆ ಹೊಟ್ಟು.

“ಕೇಳಿಸಿದಾಗ ಮಾತ್ರ ಒತ್ತಿ. ಊಹೆ ಮಾಡ್ಬೇಡಿ. ಒಂದೂ.”

ತಗ್ಗಿನ ಸ್ವರ. ದೀಪ ಹತ್ತಿತು. ಇನ್ನೂ ಮೆಲ್ಲಗೆ. ಹತ್ತಿತು. ಮೌನ. ಏಳು ಸೆಕೆಂಡ್ ಅವಳು ಏನನ್ನೂ ಕೊಡಲಿಲ್ಲ. ಮೂರನೇ ಸೆಕೆಂಡಿಗೆ ದೀಪ ಹತ್ತಿತು. ಗಾಜಿನಾಚೆ ಅವನ ಭುಜಗಳು ಕುಸಿದವು. ಸಿಕ್ಕಿಬಿದ್ದೆ ಎಂದು ಅವನಿಗೂ ಗೊತ್ತಾಯಿತು. ಆಮೇಲೆ ಅವನು ಹಾಗೆ ಒತ್ತಲಿಲ್ಲ.

ಸೆಕೆಂಡಿಗೆ ಎರಡು ಸಾವಿರ ಕಂಪನದ ಸ್ವರ. ಮೂರು ಸಾವಿರ. ನಾಲ್ಕು ಸಾವಿರ.

ಇಪ್ಪತ್ತು ಡೆಸಿಬಲ್. ದೀಪವಿಲ್ಲ. ಇಪ್ಪತ್ತೈದು. ಇಲ್ಲ. ಮೂವತ್ತು. ಮೂವತ್ತೈದು. ನಲವತ್ತು. ನಲವತ್ತೈದು. ತಿರುಪನ್ನು ಐದೈದು ಏರಿಸುತ್ತ ಹೋದಳು. ದೀಪವೇ, ಹತ್ತಿಕೋ, ಹತ್ತಿಕೋ ಎಂದು ಒಳಗೇ ಬೇಡಿಕೊಳ್ಳುತ್ತಿದ್ದಳು. ಐವತ್ತು. ಕತ್ತಲೆ. ಗುಂಡಿ ಹಿಡಿದ ಕೈಯ ತೋಳು ಬಿಗಿದಿತ್ತು, ಆದರೂ ಒತ್ತಲಿಲ್ಲ. ಸುಳ್ಳು ಹೇಳದಿರಲು ಅವನು ಪಡುತ್ತಿದ್ದ ಕಷ್ಟ ಬೆನ್ನಿನಲ್ಲೇ ಕಾಣುತ್ತಿತ್ತು.

ಐವತ್ತೈದಕ್ಕೆ ದೀಪ ಹತ್ತಿತು.

ಇನ್ನೊಂದು ಕಿವಿಯದನ್ನೂ ಮುಗಿಸಿ ಅವಳು ಬಾಗಿಲು ತೆರೆದು ಎದುರಿಗೆ ಮೊಣಕಾಲೂರಿ ಕುಳಿತಳು. ಸಂಖ್ಯೆಗಳನ್ನು ಇದ್ದ ಹಾಗೇ ಹೇಳಿದಳು. ಎಡಗಿವಿ ಐವತ್ತೈದು, ಬಲಗಿವಿ ಐವತ್ತು, ಎತ್ತರದ ಸ್ವರದಲ್ಲಿ. ಹಾಡಿನ ಮೇಲಿನ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಲೆಂದು ಏರಿಸುತ್ತ ಹೋಗಿದ್ದ, ಅದು ಬೇರೆಯವರಿಗೆ ಚುಚ್ಚುತ್ತಿತ್ತು.

“ಹೋಗಿದ್ದು ವಾಪಸ್ ಬರುತ್ತಾ?”

“ಬರಲ್ಲ.”

“ಉಳಿದದ್ದು?”

“ಉಳಿಸ್ಕೋಬಹುದು. ಗರಗಸ ಬಿಡ್ಬೇಕು. ಮಿಕ್ಸಿಂಗ್ ಬೇರೆಯವರ ಕಿವಿಗೆ ಕೊಡ್ಬೇಕು. ಇವತ್ತೇ ನಿಮ್ಮ ಕಿವಿಯ ಅಚ್ಚು ತೆಗೀತೀನಿ. ಸ್ಟೇಜ್ ಮೇಲೆ ಆ ಅಚ್ಚಿನ ಪ್ಲಗ್ ಕಿವಿಗೆ ಹಾಕ್ಕೊಂಡೇ ಹಾಡ್ಬೇಕು.”

“ಅಂದ್ರೆ ಮೈಕ್ ಬಿಡ್ಬೇಕಾಗಿಲ್ಲ.”

“ನಾನು ಹಾಗೆ ಹೇಳಿದ್ನಾ?”

ಅವನು ಅಂಗೈಯಿಂದ ಮುಖ ಮುಚ್ಚಿಕೊಂಡ. ಅವನ ಕಿವಿಯೊಳಗೆ ಈಗಲೂ ಯಾರೋ ಮರ ಕೊಯ್ಯುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವನು ಗುನುಗಲಿಲ್ಲ, ತೊಡೆ ತಟ್ಟಲಿಲ್ಲ. ಅವಳ ಕೈ ಹಿಡಿದುಕೊಂಡು ಸುಮ್ಮನೆ ಕುಳಿತ.

“ಇನ್ನೊಂದು ಪರೀಕ್ಷೆ ಉಳಿದಿದೆ” ಎಂದಳು. “ಮಾತಿಂದು. ನಾನು ಹೊರಗಿಂದ ಹೇಳಿದ್ದನ್ನ ನೀವು ಹಾಗೇ ತಿರುಗಿ ಹೇಳ್ಬೇಕು. ಕೇಳಿಸದಿದ್ರೆ ಕೇಳಿಸ್ಲಿಲ್ಲ ಅನ್ನಿ.”

ಬಾಗಿಲು ಮುಚ್ಚಿ, ಅವನ ಉತ್ತರ ಹೊರಗೆ ಕೇಳಿಸುವಂತೆ ಬೂತ್‌ನೊಳಗಿನ ಮೈಕನ್ನೂ ಹಾಕಿ, ತನ್ನ ಮೈಕಿನ ಮುಂದೆ ಕುಳಿತಳು. ಪಟ್ಟಿಯಲ್ಲಿದ್ದ ಪದಗಳನ್ನು ಓದಿದಳು. ಕಿಟಕಿ. ಹಲಗೆ. ಕೊಡೆ. ಅವನು ಒಂದೊಂದನ್ನೂ ತಿರುಗಿ ಹೇಳಿದ. ದನಿ ಇಳಿಸುತ್ತ ಹೋದಳು. ಪಟ್ಟಿ ಮುಗಿಯಿತು.

ತಿರುಪನ್ನು ಹತ್ತಕ್ಕೆ ತಂದಳು. ಅಷ್ಟು ಮೆಲ್ಲಗೆ ಹೇಳಿದ್ದು ಅವನಿಗೆ ಕೇಳಿಸದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಧೈರ್ಯ ಬಂತು. ಪಟ್ಟಿಯಲ್ಲಿಲ್ಲದ ಒಂದು ವಾಕ್ಯ ಹೇಳಿದಳು.

ಗಾಜಿನಾಚೆ ಅವನ ತಲೆ ಒಂದಿಷ್ಟು ಓರೆಯಾಯಿತು. ಮೊದಲಿನಂತಾಗಿದ್ದರೆ ಏನಾದರೊಂದು ಊಹಿಸಿ ಹೇಳಿಬಿಡುತ್ತಿದ್ದ.

“ಏನೋ ಹೇಳಿದ್ರಿ” ಎಂದ. “ಕೇಳಿಸ್ಲಿಲ್ಲ.”

ಅವಳ ಕಣ್ಣು ತುಂಬಿತು. ಆರು ತಿಂಗಳಲ್ಲಿ ಅವನು ಬರೆದ ಯಾವ ಸಾಲೂ ಅವಳನ್ನು ಹೀಗೆ ಮುಟ್ಟಿರಲಿಲ್ಲ.

ನಿಯಮದ ಪ್ರಕಾರ ಐದು ಏರಿಸಬೇಕು. ಏರಿಸಿದಳು. ಅದೇ ವಾಕ್ಯ.

“ಕೇಳಿಸ್ಲಿಲ್ಲ.”

ಇನ್ನೈದು.

“ಕೊನೇದು ‘ಹೋಗಲ್ಲ’ ಅಂತ ಇದೆ. ಮೊದಲಿಂದು ಗೊತ್ತಾಗ್ಲಿಲ್ಲ.”

ಇನ್ನೈದು. ಮೈಕಿನ ಕಂಬವನ್ನು ಹಿಡಿದುಕೊಂಡು ಅದೇ ವಾಕ್ಯ ಹೇಳಿದಳು.

ಅವನು ಕುರ್ಚಿಯಲ್ಲಿ ನೆಟ್ಟಗಾದ. ತಿರುಗಿ ನೋಡಬಾರದು ಎಂಬುದು ನೆನಪಾಗಿ ತಡೆದುಕೊಂಡ. ಮಿಲ್ಲಿನ ಗದ್ದಲಕ್ಕೆ ಒಗ್ಗಿದ ದನಿಯನ್ನು ತಗ್ಗಿಸಿ, ತನ್ನ ಹಾಡಿನ ಸಾಲು ಎಂಬಂತೆ ಒಂದೊಂದೇ ಪದ ಬಿಡಿಸಿ ತಿರುಗಿ ಹೇಳಿದ.

“ನಾನು ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ.”

ಅವಳು ವರದಿಯಲ್ಲಿ ಬರೆದಳು: ಇಪ್ಪತ್ತೈದು ಡೆಸಿಬಲ್, ಉತ್ತರ ಸರಿ. ಸಹಿ ಹಾಕಲು ಪೆನ್ನು ಎತ್ತಿದಾಗ ಅವಳ ಮುಂದಿನ ಯಂತ್ರದಲ್ಲಿ ದೀಪ ಹತ್ತಿತು. ಒಂದು. ಎರಡು.

ಟೀ ಇರಬೇಕು ಅಂದುಕೊಂಡಳು.

ಸಮ ಅಂತರವಿಲ್ಲದೆ, ತಡವಾಗಿ, ಮೂರನೆಯದು ಹತ್ತಿತು.